ರಿವೆಟ್ ಕಚ್ಚಿದ ಮಾತು

ನನ್ನ ಭಾವನ ಕೆಳತುಟಿಯ ಎಡಮೂಲೆಯಲ್ಲಿ ಒಂದು ಸಣ್ಣ ಕಪ್ಪು ಕಲೆಯಿತ್ತು. ರಿವೆಟ್ ಕಚ್ಚಿ ಕಚ್ಚಿ ಆದದ್ದು. ಭತ್ತ ಕೊಯ್ಯುವ ಮಷಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸವೆದ ಬ್ಲೇಡು ಬದಲಿಸುವಾಗ, ದರ್ಜಿಗಳು ಗುಂಡುಪಿನ್ನು ಇಟ್ಟುಕೊಳ್ಳುವ ಹಾಗೆ, ಅವರು ಬ್ಲೇಡನ್ನು ಬಿಗಿಯುವ ಮೊಳೆಯಂಥ ನಾಲ್ಕು ರಿವೆಟ್‌ಗಳನ್ನು ತುಟಿಯ ಸಂದಿಯಲ್ಲಿ ಸಾಲಾಗಿ ಕಚ್ಚಿಕೊಳ್ಳುತ್ತಿದ್ದರು. ಮಾತಾಡಬೇಕಾದರೂ ತೆಗೆಯುತ್ತಿರಲಿಲ್ಲ. ಹಾಗಾಗಿ ‘ಸುತ್ತಿಗೆ ಕೊಡು’ ಅನ್ನುವುದು ‘ಹುತ್ತಿಗೆ ಕೊಡು’ ಎಂದು ಹೊರಬರುತ್ತಿತ್ತು. ‘ಸಣ್ಣದು’ ಎಂದರೆ ‘ಹಣ್ಣದು’. ನಾನು ಬೇಕೆಂದೇ ತಪ್ಪು ಸಾಮಾನು ಕೊಟ್ಟು ನಗುತ್ತಿದ್ದೆ.

ಆಗ ಅವರು ತಲೆ ಎತ್ತಿ ಅನ್ನುತ್ತಿದ್ದರು: “ನಿನ್ ಕಿವಿ ಕಚೇರಿ ಕಪಾಟಲ್ಲಿ ಇಟ್ಟು ಬಂದ್ಯೇನ ಸಾಹೇಬ?”

ಸಾಹೇಬನೂ ಅಲ್ಲ, ಏನೂ ಅಲ್ಲ. ನಾನು ಕಾರವಾರದ ಒಂದು ಕಚೇರಿಯಲ್ಲಿ ಕಾರಕೂನ. ಮನೆ ಶಿರವಾಡದಲ್ಲಿ. ವರ್ಷವಿಡೀ ಫೈಲು ಕಟ್ಟುವವನು ಕೊಯ್ಲಿನ ಹದಿನೈದು ದಿನ ರಜೆ ಹಾಕಿ, ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಅಗಸೂರಿನ ಅಕ್ಕನ ಮನೆಗೆ ಹೋಗುತ್ತಿದ್ದೆ. ಅಕ್ಕ-ಭಾವನಿಗೆ ಮಕ್ಕಳಿರಲಿಲ್ಲ. ಮಷಿನ್ನಿಗೆ ಎರಡನೇ ಆಳು ಬೇಕು, ಆ ಆಳು ನಾನೇ. ಕೆಸರಿನಲ್ಲಿ ಹೂಳದಂತೆ ರಬ್ಬರಿನ ಪಟ್ಟಿಯ ಮೇಲೆ ಓಡುವ ಸಣ್ಣ ಮಷಿನ್ನು ಅದು. ಬಯಲುಸೀಮೆಯವರು ಓಡಿಸಿ ಓಡಿಸಿ ಬಿಟ್ಟದ್ದನ್ನು ಭಾವ ತಂದು, ಒಂದು ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿಟ್ಟು ಬಿಚ್ಚಿ ಜೋಡಿಸಿ ಸರಿಮಾಡಿದ್ದರು. ತಮ್ಮ ಗದ್ದೆ ಮುಗಿದ ಮೇಲೆ ಊರವರ ಗದ್ದೆಗೂ ಅದನ್ನೇ ಒಯ್ಯುತ್ತಿದ್ದರು. ನಾನು ಸೀಟಿನ ಮೇಲೆ, ಅವರು ಮಷಿನ್ನಿನ ಹಿಂದೆ ಬರಿಗಾಲಲ್ಲಿ.

ಹಿಂದೆ ನಡೆಯುವುದು ಸುಮ್ಮನೆ ಅಲ್ಲ. ಮಷಿನ್ನಿನ ಮುಂಭಾಗದಲ್ಲಿ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ, ಅದರ ಮೇಲೆ ಮೂರು ಮೂಲೆಯ ಬ್ಲೇಡುಗಳ ಸಾಲು. ಪಟ್ಟಿ ಎಡಕ್ಕೂ ಬಲಕ್ಕೂ ಸರಸರ ಓಡಾಡಿದರೆ ಭತ್ತದ ಬುಡ ಕತ್ತರಿಸುತ್ತದೆ. ಹೊಳೆಯ ಹತ್ತಿರದ ನಮ್ಮ ಗದ್ದೆಗಳಲ್ಲಿ ಮರಳು ಹೆಚ್ಚು. ಬ್ಲೇಡಿನ ಹಲ್ಲು ಬೇಗ ಸವೆಯುತ್ತದೆ. ಬೇರೆಯವರು ಕಾಳು ಉದುರಿ ನೆಲ ಹಳದಿಯಾಗುವ ತನಕ ಕಾಯುತ್ತಾರೆ. ಭಾವ ಹಾಗಲ್ಲ. ನಡೆಯುತ್ತ ನಡೆಯುತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ಒಂದು ಕೂಳೆ ಕಿತ್ತು, ಅದರ ತುದಿಯನ್ನು ಮುಂಗೈಯ ಒಳಭಾಗಕ್ಕೆ ಸವರಿಕೊಳ್ಳುತ್ತಿದ್ದರು. ನುಣ್ಣಗಿದ್ದರೆ ಮುಂದೆ. ನಾರು ನಾರಾಗಿ ಚುಚ್ಚಿದರೆ ಕೈ ಎತ್ತಿ ನನ್ನನ್ನು ನಿಲ್ಲಿಸುತ್ತಿದ್ದರು.

“ಇದು ಕೊಯ್ದದ್ದಲ್ಲ, ಹರ್ದದ್ದು.”

ಲೋಕದ ಎಲ್ಲದಕ್ಕೂ ಅವರ ಹತ್ತಿರ ಇವೆರಡೇ ಅಳತೆ. ಮದುವೆ ಮನೆಯ ಹಲಸಿನ ತೊಳೆಯಾಗಲಿ, ಕ್ಷೌರದವನ ಕೆಲಸವಾಗಲಿ, ಒಂದೋ ಕೊಯ್ದದ್ದು, ಇಲ್ಲ ಹರಿದದ್ದು. ಅಕ್ಕ ಮೀನು ಹೆಚ್ಚಿ ತಂದರೆ ತಾಟಿನಲ್ಲಿ ಒಂದು ತುಂಡು ತಿರುಗಿಸಿ ನೋಡಿ “ಕೊಯ್ದದ್ದು” ಎನ್ನುತ್ತಿದ್ದರು. ಅಕ್ಕನಿಗೆ ಇಡೀ ಸಂಸಾರದಲ್ಲಿ ಸಿಕ್ಕ ಹೊಗಳಿಕೆ ಅದೊಂದೇ ಎಂದು ನಾನು ಗೇಲಿ ಮಾಡುತ್ತಿದ್ದೆ. ಸವೆದ ಬ್ಲೇಡೊಂದನ್ನು ಮರದ ತುಂಡಿಗೆ ಬಡಿದು ಮೀನಿನ ಹುರುಪೆ ಕೆರೆಯಲು ಅವಳಿಗೆ ಮಾಡಿಕೊಟ್ಟಿದ್ದರು. ಅದು ಈಗಲೂ ಅವಳ ಬಚ್ಚಲ ಕಟ್ಟೆಯ ಮೇಲಿದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಗದ್ದೆ, ಮಷಿನ್ನು, ಭಾವ-ಮೈದುನರ ಗೇಲಿ ಎಲ್ಲ ಮನೆಯಲ್ಲೂ ಇರುವಂಥದ್ದೇ. ಆದರೆ ಏಳು ವರ್ಷದ ಹಿಂದಿನ ಕೊಯ್ಲಿನಲ್ಲಿ ನಾನು ಒಂದು ಮಾತನ್ನು ತಪ್ಪು ಕೇಳಿದೆ.

ಪಕ್ಕದ ಮನೆಯವರ ಗದ್ದೆ ಅದು. ಯಾರೋ ದನ ಕಟ್ಟಲು ಹೊಡೆದು ಮರೆತಿದ್ದ ಕಬ್ಬಿಣದ ಗೂಟಕ್ಕೆ ತಾಗಿ ಮೂರು ಬ್ಲೇಡು ಮುರಿದವು. ಕಡಲ ಕಡೆಯಿಂದ ಮೋಡ ಏರುತ್ತಿತ್ತು. ಅರ್ಧ ಗದ್ದೆ ಇನ್ನೂ ನಿಂತಿತ್ತು. ಭಾವ ಎಂಜಿನ್ ಬಂದ್ ಮಾಡಿಸಿ, ಹಳೆಯ ರಿವೆಟ್‌ಗಳ ತಲೆ ಹಾರಿಸಿ, ಹೊಸ ಬ್ಲೇಡು ಕೂರಿಸಿದರು. ಉಳಿದ ರಿವೆಟ್ ತುಟಿಯಲ್ಲೇ ಇದ್ದವು. ಎದ್ದು ನಿಂತು, ಎಂಜಿನ್ ಶುರುಮಾಡಿ ಲಿವರ್ ಹಾಕುವಂತೆ ನನಗೆ ಹೇಳಿದರು. ಲಿವರ್ ಹಾಕಿದರೆ ಬ್ಲೇಡಿನ ಸಾಲು ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಹಾಕಿದೆ, ಓಡಿತು. ಎಲ್ಲಿಯೋ ಕಟಕಟ ಸದ್ದು. ತೆಗೆಸಿದರು. ಮತ್ತೊಮ್ಮೆ ಹಾಕಿಸಿ, ತೆಗೆಸಿದರು. ಒಂದು ರಿವೆಟ್ಟಿನ ತಲೆ ಎದ್ದು ತಾಗುತ್ತಿತ್ತು. ಅವರು ಕೂತು ಅದನ್ನು ಬೆರಳಿನಿಂದ ಸವರಿ ನೋಡತೊಡಗಿದರು.

ಎಂಜಿನ್ ಓಡುತ್ತಲೇ ಇತ್ತು. ಬಂದ್ ಮಾಡಬೇಕೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮೋಡ ನೋಡಿ ಇಬ್ಬರೂ ಬಿಟ್ಟೆವು. ಸೀಟಿನಿಂದ ನನಗೆ ಅವರು ತಲೆಗೆ ಸುತ್ತಿದ ಟವೆಲ್ ಮಾತ್ರ ಕಾಣುತ್ತಿತ್ತು. ಅವರು ಏನೋ ಅಂದರು. ‘ಹಾಕು’ ಎಂದು ಕೇಳಿತು. ಹಾಕಿದೆ.

ಅವರು ಅಂದದ್ದು ‘ಸಾಕು’.

ಬಲಗೈಯ ಎರಡು ಬೆರಳು ಹೋದವು, ತೋರುಬೆರಳು ಮತ್ತು ನಡುಬೆರಳು. ಭಾವ ಕೂಗಲಿಲ್ಲ. ಟವೆಲ್ ಬಿಚ್ಚಿ ತಾವೇ ಕೈಗೆ ಸುತ್ತಿಕೊಂಡರು. ರಿವೆಟ್‌ಗಳನ್ನು ಎಡಗೈಗೆ ಉಗುಳಿ ಜೇಬಿಗೆ ಹಾಕಿಕೊಂಡದ್ದು ನನಗೆ ನೆನಪಿದೆ. ನಾನು ಕೂಳೆಗಳ ನಡುವೆ ಮೊಣಕಾಲೂರಿ ಹುಡುಕುತ್ತಿದ್ದೆ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಆ ಹೊತ್ತಿಗೆ ಮಳೆ ಬಂತು.

ಅಂಕೋಲೆಯ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿಬಿಟ್ಟರು: ಬಂದ್ ಮಾಡದೆ ತಾವೇ ಕೈಯಿಟ್ಟದ್ದು, ಮೈಮೇಲೆ ಎಚ್ಚರ ಇರಲಿಲ್ಲ ಎಂದು. ಅಳುತ್ತ ಬಂದ ಅಕ್ಕನಿಗೂ ಅದನ್ನೇ ಹೇಳಿದರು. ಅವಳು ಅವರನ್ನು ಬೈದಳು, ನನ್ನ ತಲೆ ಸವರಿ ಹೆದರಿದೆಯಾ ಎಂದು ಕೇಳಿದಳು. ಅವಳು ಔಷಧಿ ತರಲು ಹೊರಗೆ ಹೋದ ಮೇಲೆ ನಾನು ನಿಜ ಹೇಳುತ್ತೇನೆ ಎಂದೆ. ಭಾವ ಬ್ಯಾಂಡೇಜಿನಿಂದ ಕಣ್ಣು ತೆಗೆಯದೆ ಅಂದರು:

“ಅಕ್ಕಂಗೆ ಹೇಳೂಕೆ ಹೋಗ್ಬೇಡ. ನಿಂಗೆ ಅನ್ನ ಬಡ್ಸೂವಾಗೆಲ್ಲ ಅವ್ಳಿಗೆ ನೆನಪಾಗ್ತದೆ.”

ಆಮೇಲೆ, ನನ್ನ ಮುಖ ನೋಡಿ ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿರಬೇಕು, ಇನ್ನೊಂದು ಮಾತು ಸೇರಿಸಿದರು. ಪುಣ್ಯಕ್ಕೆ ಹೊಸ ಬ್ಲೇಡಾಗಿತ್ತು, ಕೊಯ್ಯಿತು, ಹಳೆಯದಾಗಿದ್ದರೆ ಹರಿಯುತ್ತಿತ್ತು ಎಂದು. ನನಗೆ ಇವತ್ತಿಗೂ ಆ ಸಮಾಧಾನವನ್ನು ಮರೆಯಲಾಗಿಲ್ಲ.

ಗಾಯ ಕೀವಾಗಿ, ಕಾರವಾರದಲ್ಲಿ ದಿನಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಬೇಕಾಗಿ ಬಂತು. ಒಂದು ತಿಂಗಳು ಭಾವ ಶಿರವಾಡದ ನನ್ನ ಮನೆಯಲ್ಲಿದ್ದರು. ಒಂದು ಸಂಜೆ ಅಂಗಳದಲ್ಲಿ ಕೂತವರು, ಯಾರದೋ ವಿಷಯ ಹೇಳುವ ಹಾಗೆ, “ನಾ ಸಾಕು ಅಂದಿದ್ದೆ” ಅಂದರು. ನನಗೆ ಹಾಕು ಎಂದು ಕೇಳಿತು ಅಂದೆ. ಬಾಯಲ್ಲಿ ರಿವೆಟ್ ಇತ್ತಲ್ಲ, ನಿನ್ನ ತಪ್ಪು ಅರ್ಧ, ನನ್ನದು ಅರ್ಧ ಎಂದು ಪಾಲು ಮಾಡಿದರು. ಆ ವಿಷಯ ನಾವಿಬ್ಬರೂ ಆಡಿದ್ದು ಅದೊಂದೇ ಸಲ.

ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಒಬ್ಬ ಹೆಂಗಸು ಇದ್ದರು, ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಅನ್ನ, ಬಾಂಗ್ಡೆ ಮೀನಿನ ಸಾರು ತಂದು, ಎಡಗೈಯಲ್ಲಿ ಉಣ್ಣಲು ಒದ್ದಾಡುವ ಭಾವನಿಗೆ ತಾವೇ ಬಡಿಸುತ್ತಿದ್ದರು. ಸೌಟು ಹಿಡಿದು “ಪುರೊ?” ಎಂದು ಕೇಳುವರು. ಮೊದಲ ದಿನ ಭಾವ ನನ್ನ ಮುಖ ನೋಡಿದರು. ಕೊಂಕಣಿಯಲ್ಲಿ ಸಾಕು ಅಂದರೆ ಪುರೊ ಎಂದು ತಿಳಿಸಿದೆ. ಅವರು ಆ ಶಬ್ದವನ್ನು ಹೊಸ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಎರಡು ಸಲ ತಮ್ಮಷ್ಟಕ್ಕೆ ಹೇಳಿ ನೋಡಿದರು. “ಪುರೊ. ಪುರೊ.” ಮರುದಿನ ಬಾಯಿ ಬಂದು ಬಡಿಸಿದಾಗ ತಾವೇ ಅಂದರು: “ಪುರೊ.”

ಅಂದಿನಿಂದ ಅವರ ಬಾಯಲ್ಲಿ ‘ಸಾಕು’ ಎಂಬ ಶಬ್ದವನ್ನು ಯಾರೂ ಕೇಳಲಿಲ್ಲ. ಊಟಕ್ಕೆ ಪುರೊ, ಚಹಕ್ಕೆ ಪುರೊ, ಗದ್ದೆಗೆ ನೀರು ಬಿಡುವವನಿಗೂ ಪುರೊ. ಅಕ್ಕನಿಗೆ ಅದೊಂದು ತಮಾಷೆ. ಅಗಸೂರಲ್ಲಿ ಹುಟ್ಟಿ ಅಗಸೂರಲ್ಲೇ ಬೆಳೆದವರಿಗೆ ಒಂದು ತಿಂಗಳು ಶಿರವಾಡದ ನೀರು ಕುಡಿದದ್ದಕ್ಕೆ ಕೊಂಕಣಿ ಬಂದುಬಿಟ್ಟಿತು ಎಂದು ಬಂದವರೆದುರೆಲ್ಲ ನಗುತ್ತಿದ್ದಳು. ಭಾವನೂ ನಗುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು. ಆ ಶಬ್ದ ಯಾಕೆ ಬಂತೆಂದು ತಿಳಿದವರು ನಾವಿಬ್ಬರೇ. ಬಂತು ಅನ್ನುವುದೂ ತಪ್ಪು, ಆರಿಸಿ ತಂದದ್ದು. ‘ಹಾಕು’ ಎಂದು ಕೇಳಲು ಅದರಲ್ಲಿ ಜಾಗವೇ ಇಲ್ಲ. ಮೇಲಾಗಿ ತುಟಿ ಕೂಡಿಸದೆ ‘ಪು’ ಹೊರಡುವುದಿಲ್ಲ, ತುಟಿಯ ನಡುವೆ ರಿವೆಟ್ ಕಚ್ಚಿದ್ದರೆ ಕೂಡಿಸಲಾಗುವುದಿಲ್ಲ. ಹಾಗೆ ರಿವೆಟ್‌ಗಳು ಬಾಯಿ ಬಿಟ್ಟು ಒಂದು ಹಳೆಯ ತಂಬಾಕಿನ ಡಬ್ಬಿಗೆ ಹೋದವು.

ಮುಂದಿನ ವರ್ಷ ಕೊಯ್ಲು ಬಂದಾಗ ನಾನು ಹೋಗಲಿಲ್ಲ. ರಜೆ ಸಿಗುವುದಿಲ್ಲ ಎಂದು ಫೋನು ಮಾಡಿದೆ. ಸುಳ್ಳು. ಮೂರನೇ ದಿನ ಮಧ್ಯಾಹ್ನ ಕಚೇರಿಯ ಜವಾನ ಬಂದು, ಗೇಟಿನ ಹತ್ತಿರ ಯಾರೋ ನಿಂತಿದ್ದಾರೆ, ಒಳಗೆ ಬರಲು ಒಪ್ಪುತ್ತಿಲ್ಲ ಎಂದ. ಭಾವ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಅಂಕೋಲೆಯಲ್ಲಿ ಸಿಗದೆ ಕಾರವಾರದಲ್ಲಿ ಹುಡುಕಿ ತೆಗೆದುಕೊಂಡ ಹೊಸ ಬ್ಲೇಡುಗಳು. ಮಷಿನ್ನಿನ ಬ್ಲೇಡಿನ ನಡುವೆ ಮುಂದಕ್ಕೆ ಚಾಚಿಕೊಂಡಿರುವ ಕಬ್ಬಿಣದ ಮುಳ್ಳುಗಳಿಗೆ ಮೆಕ್ಯಾನಿಕ್ಕುಗಳು ಫಿಂಗರ್ ಅನ್ನುತ್ತಾರೆ. ಅವೂ ಎರಡು ಇದ್ದವು. ಚೀಲ ತೆರೆದು ತೋರಿಸಿ, ಮಷಿನ್ನಿನ ಫಿಂಗರಿಗಾದರೆ ಸ್ಪೇರ್ ಸಿಗುತ್ತದೆ ನೋಡು ಎಂದು ನಕ್ಕರು. ನನಗೆ ನಗು ಬರಲಿಲ್ಲ.

“ರಜೆ ಅರ್ಜಿ ಬರಿ. ನಾ ಇಲ್ಲೇ ನಿಂತಿರ್ತೆ.”

ಬರೆದೆ. ಸಂಜೆಯ ಬಸ್ಸಿಗೆ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಚೀಲ ಅವರ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಮನೆಯ ಅಂಗಳದಲ್ಲಿ ಮಷಿನ್ನು ನಿಲ್ಲಿಸಿ, ಅದರ ಚಾವಿ ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿದರು. ಅವರ ಜೇಬಿಗಲ್ಲ, ನನ್ನ ಜೇಬಿಗೆ. ಬ್ಲೇಡಿನ ಸಾಲನ್ನು ಕೈಯಿಂದಲೇ ಸರಿಸಲು ಪಕ್ಕದಲ್ಲಿ ಒಂದು ಚಕ್ರವಿದೆ. ನನ್ನನ್ನು ಅದರ ಹತ್ತಿರ ನಿಲ್ಲಿಸಿ, ತಾವು ಮುಂದೆ ಹೋಗಿ ಕೂತು, ಮೂರು ಬೆರಳಿನ ಆ ಬಲಗೈಯನ್ನು ಬ್ಲೇಡುಗಳ ನಡುವೆ ಇಟ್ಟರು. ತಿರುಗಿಸು ಎಂದರು. ಎರಡೂ ಕೈಯಲ್ಲಿ ಚಕ್ರ ಹಿಡಿದು ತಿರುಗಿಸಿದೆ. ಒಂದು ಇಂಚು, ಅರ್ಧ ಇಂಚು. ರಿವೆಟ್ಟಿನ ತಲೆ ಫಿಂಗರಿನ ಕೆಳಗಿನಿಂದ ಹೊರಬಂತು.

“ಪುರೊ.”

ಬಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮೇಲೆತ್ತಿ ನಿಂತೆ. ಭಾವ ಬಗ್ಗಿದ ತಲೆ ಎತ್ತದೆ ಕೇಳಿತಾ ಎಂದರು. ಕೇಳಿತು ಎಂದೆ. ಅವರು ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದನ್ನು ಆಗಲೇ ಕಲಿತಿದ್ದರು. ರಿವೆಟ್ ಹಿಡಿಯುವ ಎರಡು ಬೆರಳು ಮಾತ್ರ ನನ್ನದಾದವು. ನಾನು ಹಿಡಿಯುವುದು, ಅವರು ಹೊಡೆಯುವುದು. ಆರು ವರ್ಷದಲ್ಲಿ ಆ ಎಡಗೈಯ ಸುತ್ತಿಗೆ ನನ್ನ ಉಗುರಿಗೆ ಒಂದು ಸಲವೂ ತಾಗಲಿಲ್ಲ.

ಇದೆಲ್ಲ ಓದಿದವರು ಅವರು ನನ್ನನ್ನು ಕ್ಷಮಿಸಿದರು ಎಂದುಕೊಂಡಾರು. ಕ್ಷಮಿಸಿದ್ದರು, ಸಂಶಯವಿಲ್ಲ. ಆದರೆ ಕಿವಿಯ ಗೇಲಿ ಆ ಕೊಯ್ಲಿಗೇ ನಿಂತುಹೋಯಿತು. ಸಾಹೇಬ ಎಂದು ಕರೆಯುತ್ತಿದ್ದರು, ಸೋಮಾರಿ ಎನ್ನುತ್ತಿದ್ದರು, ಕಚೇರಿಯ ಕಪಾಟಿನ ಮಾತು ಮಾತ್ರ ಮತ್ತೆ ಬರಲಿಲ್ಲ. ನಾನು ಬೇಕೆಂದೇ ಸುತ್ತಿಗೆಯ ಬದಲು ನಟ್ಟು ಬಿಚ್ಚುವ ಪಾನಾ ಕೊಟ್ಟು ನೋಡಿದೆ. ಅದನ್ನು ಕೆಳಗಿಟ್ಟು, ಸುತ್ತಿಗೆ ತಾವೇ ತೆಗೆದುಕೊಂಡರು. ಎರಡು ಬೆರಳಿಗಿಂತ ಆ ಒಂದು ಬೈಗುಳ ಕಳೆದುಕೊಂಡದ್ದೇ ನನಗೆ ಹೆಚ್ಚು ನೋವು ಕೊಟ್ಟಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಹೋದ ಮಳೆಗಾಲದಲ್ಲಿ ಭಾವನಿಗೆ ಲಕ್ವ ಹೊಡೆಯಿತು. ಕಾರವಾರದ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಇಟ್ಟು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಬಲಭಾಗ ಪೂರ್ತಿ ಹೋಗಿರಲಿಲ್ಲ, ಕೈ ಸ್ವಲ್ಪ ಏಳುತ್ತಿತ್ತು. ಮುಖ ಮಾತ್ರ ಒಂದು ಕಡೆಗೆ ಜಗ್ಗಿ, ತುಟಿಗಳು ಕೂಡುತ್ತಿರಲಿಲ್ಲ. ಅಕ್ಕನ ಹೆಸರು ಹಿಡಿದು ಕರೆಯಲು ಹೋಗಿ ಬರೀ ಉಸಿರು ಬರುತ್ತಿತ್ತು. ತಿಳಿಗಂಜಿಯನ್ನು ಚಮಚದಲ್ಲಿ ನಿಧಾನ ಕುಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ದಿಂಬು ಎತ್ತರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ಒಂದೊಂದೇ ಚಮಚ ಕುಡಿಸುತ್ತಿದ್ದಳು. ಒಂದು ಚಮಚ ಒಳಗೆ ಹೋದರೆ ಅವಳಿಗೆ ಹಬ್ಬ.

ಮನೆಗೆ ಬಂದ ಐದನೇ ದಿನದ ಮಧ್ಯಾಹ್ನ. ನಾನು ಕಾಲ ಬುಡದಲ್ಲಿ ಕೂತಿದ್ದೆ. ಆರು ಚಮಚ ಆಗಿತ್ತು. ಅಕ್ಕ ಏಳನೆಯದನ್ನು ತುಂಬಿ ತರುವಾಗ ಭಾವ ತುಟಿ ಅಲ್ಲಾಡಿಸಿದರು. ಕೂಡಿಸಲು ನೋಡಿದರು. ಕೂಡಲಿಲ್ಲ. ಮತ್ತೆ ನೋಡಿದರು. ‘ಪು’ ಹೊರಡಲಿಲ್ಲ. ಆ ಮೇಲೆ ಅವರು ಏಳು ವರ್ಷದಿಂದ ಮುಟ್ಟದೆ ಇಟ್ಟಿದ್ದ ಶಬ್ದವನ್ನು ತೆಗೆದರು. ಹಲ್ಲಿನ ನಡುವೆ ಗಾಳಿ ಸೋರಿ, ಮೊದಲಕ್ಷರ ಸವೆದು ಅದು ಹೊರಬಂತು.

ಅಕ್ಕನ ಕೈಯಲ್ಲಿ ಚಮಚ ನಿಂತಿತು. ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ.

“ಹಾಕು ಅಂದ್ರು, ತಮಾ. ಇನ್ನೂ ಹಾಕು ಅಂದ್ರು. ಕೇಳ್ತಾ ನಿಂಗೆ?”

ಅವಳಿಗೆ ಬೇರೆ ಹೇಗೆ ಕೇಳಬೇಕಿತ್ತು? ಸಾಕು ಎಂಬ ಶಬ್ದ ಅವಳ ಗಂಡನ ಬಾಯಲ್ಲಿ ಇರಲೇ ಇಲ್ಲವಲ್ಲ. ಅದನ್ನು ಅಲ್ಲಿಂದ ತೆಗೆಸಿದವನು ನಾನು. ಹೊದಿಕೆಯ ಮೇಲಿದ್ದ ಅವರ ಬಲಗೈ ಎರಡು ಇಂಚು ಎದ್ದದ್ದನ್ನು ನಾನು ಕಂಡೆ. ಮೂರು ಬೆರಳು ಅಗಲಿಸಿ, ಅಂಗೈ ಕೆಳಗೆ ಮಾಡಿ, ತಾಟಿನ ಮೇಲೆ ಅಡ್ಡ ಹಿಡಿಯುವ ಹಾಗೆ. ಅವರ ಕಣ್ಣು ನನ್ನ ಕಡೆಗೆ ಬಂತು. ಈ ಸಲ ನಾನು ಸರಿಯಾಗಿಯೇ ಕೇಳಿದ್ದೆ. ಅವರಿಗೂ ಅದು ಗೊತ್ತಾಯಿತು ಅನ್ನಿಸುತ್ತದೆ. ಅಕ್ಕ, ನಿಲ್ಲಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಕಣ್ಣು ಅಕ್ಕನ ಕಡೆಗೆ ತಿರುಗಿಸಿ, ಅವಳ ಮುಖ ನೋಡಿ, ಎದ್ದ ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲೆ ಇಳಿಸಿದರು. ಬಾಯಿ ತೆರೆದರು. ಏಳನೇ ಚಮಚ ನುಂಗಿದರು. ಎಂಟನೆಯದು ತುಟಿಯ ಮೂಲೆಯಿಂದ, ಆ ಕಪ್ಪು ಕಲೆಯ ಮೇಲಿಂದ ಹರಿದು ಟವೆಲ್ಲಿಗೆ ಇಳಿಯಿತು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರು. ಗಂಜಿಯಿಂದ ಏನೂ ಆದದ್ದಲ್ಲ, ಇನ್ನೊಂದು ಸಲ ಲಕ್ವ ಹೊಡೆದದ್ದು ಎಂದು ಡಾಕ್ಟರು ಬಂದು ನೋಡಿ ಹೇಳಿದರು.

ಮಾತಾಡಿಸಲು ಬಂದವರಿಗೆಲ್ಲ ಅಕ್ಕ ಹೇಳುವುದು ಅದೊಂದೇ: ಹಸಿದ ಹೊಟ್ಟೆಯಲ್ಲಿ ಹೋಗಲಿಲ್ಲ, ಕಡೆಯ ದಿನ ಬಾಯಿಬಿಟ್ಟು ಹಾಕು ಎಂದು ಕೇಳಿ ಉಂಡರು. ಅದನ್ನು ಹೇಳುವಾಗ ಅವಳ ಅಳು ಅರ್ಧಕ್ಕೆ ನಿಲ್ಲುತ್ತದೆ. ಭಾವ ಹೋದ ಮೇಲೆ ನಿಜ ಹೇಳಿಬಿಡಬೇಕು ಎಂದು ನಾನು ಏಳು ವರ್ಷದಿಂದ ಅಂದುಕೊಂಡಿದ್ದವನು. ಹೇಳಬೇಡ ಎಂದದ್ದು ಅವರು, ಅವರೇ ಇಲ್ಲದ ಮೇಲೆ ಯಾರ ತಡೆ? ಈಗ ನೋಡಿದರೆ ಆ ಬಾಗಿಲೂ ಮುಚ್ಚಿಹೋಗಿದೆ. ಬೆರಳು ಹೋದ ಕತೆ ಹೇಳಿದರೆ ಪುರೊ ಯಾಕೆ ಬಂತೆಂದು ಹೇಳಬೇಕು. ಅದನ್ನು ಹೇಳಿದ ಗಳಿಗೆಯಲ್ಲೇ ಆ ಮಧ್ಯಾಹ್ನ ತಾನು ಕೇಳಿದ್ದು ಏನು ಎಂದು ಅಕ್ಕನಿಗೆ ತಿಳಿದುಹೋಗುತ್ತದೆ. ನನ್ನ ಎದೆ ಹಗುರ ಮಾಡಿಕೊಳ್ಳಲು ಅವಳ ಎಂಟು ಚಮಚ ಗಂಜಿಯನ್ನು ಕಸಿಯಲೇ? ಅವಳು ಓದುವುದು ಪಂಚಾಂಗ ಒಂದನ್ನೇ ಎಂಬ ಧೈರ್ಯದಿಂದ ಇಷ್ಟನ್ನು ಬರೆಯುತ್ತಿದ್ದೇನೆ.

ಹದಿಮೂರನೇ ದಿನದ ಊಟದಲ್ಲಿ ಅಕ್ಕನೇ ಬಡಿಸಲು ನಿಂತಳು. ಎಷ್ಟು ಬೇಡವೆಂದರೂ ಕೇಳಲಿಲ್ಲ. ಭಾವನಿಗೆಂದು ಇಟ್ಟ ಎಲೆಯಲ್ಲಿ ಅನ್ನ ಗುಡ್ಡೆಯಾಗುವಷ್ಟು ಬಡಿಸಿ, ನನ್ನ ಎಲೆಯ ಮುಂದೆ ಬಂದು ನಿಂತು, ಸೌಟು ಹಿಡಿದ ಕೈ ಹಾಗೇ ಇಟ್ಟು ಕೇಳಿದಳು.

“ನೀನೂ ಅಲ್ಲೇ ಇದ್ದಿದ್ದೆ ಅಲ್ವಾ. ಹಾಕು ಅಂದೇ ಅಂದದ್ದು ಅಲ್ವಾ ತಮಾ?”

“ಹೌದಕ್ಕ. ಹಾಕು ಅಂದ್ರು. ನಾ ಸರಿಯಾಗಿ ಕೇಳಿದ್ದೆ.”

ಅವಳು ತಲೆಯಾಡಿಸಿ, ನನ್ನ ಎಲೆಗೆ ಒಂದು ಸೌಟು ಅನ್ನ ಹಾಕಿದಳು. ಮೇಲೆ ಇನ್ನೊಂದು ಹಾಕಿದಳು. ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಪುರೊ ಎನ್ನಲೂ ಬರಲಿಲ್ಲ. ಬಡಿಸಿದಷ್ಟನ್ನೂ ಉಂಡೆ.